ಮೂರು ಬೆರಳ ಸಂದು

ಬಿಗಿ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಬೇಕಾಗುತ್ತಿದ್ದುದು ಎಲ್ಲಾದರೂ ಸಹಿ ಹಾಕುವಾಗ ಮಾತ್ರ. ಮಿಕ್ಕಂತೆ ಬೀದಿಗೆಲ್ಲ ಅವನು ಬಿಗಿ ಮೇಸ್ತ್ರಿಯೇ. ಅವನು ಎರಡು ಹಲಗೆ ಕೂಡಿಸಿದನೆಂದರೆ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಬೇರೆ ಬಡಗಿಗಳು ಸಂದು ಕಂಡಲ್ಲಿ ಮರದ ಪುಡಿಗೆ ಗೋಂದು ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಅಂಥ ಕೆಲಸ ಕಣ್ಣಿಗೆ ಬಿದ್ದರೆ ಮೇಸ್ತ್ರಿ ಹಳಸಿದ್ದನ್ನು ಬಾಯಿಗಿಟ್ಟವನಂತೆ ಮುಖ ಸಿಂಡರಿಸುತ್ತಿದ್ದ.

ಕೆಲಸ ಕಲಿಸಿದವನು ಅವನ ಸೋದರಮಾವ. ಆ ಪುಣ್ಯಾತ್ಮನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದಷ್ಟೇ ಕಷ್ಟ. ಅವನದೊಂದು ಪರೀಕ್ಷೆ ಇತ್ತು. ಕೂಡಿಸಿದ ಹಲಗೆಯನ್ನು ಎರಡು ಮಣೆಗಳ ಮೇಲೆ ಮಟ್ಟಸವಾಗಿ ಇಡಬೇಕು. ಕೂಡು ಇರುವ ಜಾಗಕ್ಕೆ ಒಂದು ಲೋಟ ನೀರು ಸುರಿಯಬೇಕು. ಆಮೇಲೆ ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಸಿಗರೇಟು ಸೇದುವನು. ಸಿಗರೇಟು ಮುಗಿಯುವುದರೊಳಗೆ ಕೆಳಗೆ ಒಂದು ಹನಿ ಬಿತ್ತೋ, ಏನೂ ಹೇಳದೆ ಎದ್ದುಹೋಗುವನು. ಹಲಗೆ ಬಿಚ್ಚಿ ಮತ್ತೆ ಮೊದಲಿನಿಂದ ಉಜ್ಜುಗೊರಡು ಹಿಡಿಯಬೇಕು. ಬೀಳದಿದ್ದರೆ ಮಾತ್ರ, "ಹ್ಞೂಂ, ಕೆಲಸ," ಎನ್ನುವನು. ಆ ಎರಡು ಮಾತು ಕೇಳಲು ಮೇಸ್ತ್ರಿಗೆ ನಾಲ್ಕು ವರ್ಷ ಹಿಡಿಯಿತು. ಮಾವ ಸತ್ತು ಎಷ್ಟೋ ಕಾಲವಾದ ಮೇಲೂ ಅವನು ಒಂದು ಲೋಟ ನೀರು ಸುರಿಯದೆ ಯಾವ ಸಾಮಾನನ್ನೂ ಮನೆಯಿಂದ ಕಳಿಸಿದವನಲ್ಲ. ಸಿಗರೇಟಿನ ಚಟವಿಲ್ಲದ್ದರಿಂದ ಸುಮ್ಮನೆ ಗಡಿಯಾರ ನೋಡುತ್ತಾ ಕೂರುತ್ತಿದ್ದ, ಅಷ್ಟೇ.

ಕೆಲಸ ಬಲ್ಲವನಿಗೆ ಕೋಪವೂ ಮೂಗಿನ ತುದಿಯಲ್ಲೇ ಇತ್ತು. ಮನೆಗೆಂದು ಒಂದು ಬೀರು ಮಾಡಿದ್ದ, ಮಗಳಿಗೆ ಏಳು ವರ್ಷವಿದ್ದಾಗ. ಎರಡು ತಿಂಗಳ ಕೆಲಸ. ನಿಲ್ಲಿಸಿದ ದಿನ ಹೆಂಡತಿ, ಪಾಪ, ಯಾವ ದುರುದ್ದೇಶವೂ ಇಲ್ಲದೆ, "ಎಡಗಡೆ ಬಾಗಿಲು ಒಂಚೂರು ಉಜ್ಜುತ್ತಲ್ವಾ?" ಅಂದಳು. ಮೇಸ್ತ್ರಿ ಅಂಗಳಕ್ಕೆ ಹೋಗಿ ಕೊಡಲಿ ತಂದ. ಅರ್ಧ ಗಂಟೆಯಲ್ಲಿ ಬೀರು ಸೌದೆಯಾಯಿತು. ಆಮೇಲೆ ಅವನು ನಾಚಿದ, ಎರಡು ದಿನ ಊಟ ಬಿಟ್ಟ, ಮೂರನೇ ದಿನ ಹೆಂಡತಿಗೆ ಅಂಗಡಿಯಿಂದ ಒಂದು ತಗಡಿನ ಬೀರು ತಂದುಕೊಟ್ಟ. ಆದರೆ ಅಂದಿನಿಂದ ಆ ಮನೆಯಲ್ಲಿ ಅವನ ಕೈಕೆಲಸದ ಬಗ್ಗೆ ತಾಯಿ ಮಗಳು ತುಟಿ ಪಿಟಕ್ಕೆನ್ನಲಿಲ್ಲ. ಕುರ್ಚಿ ಕುಂಟಿದರೆ ಕಾಲಿನ ಕೆಳಗೆ ಕಾಗದ ಮಡಿಸಿಟ್ಟರೇ ಹೊರತು ಅವನಿಗೆ ಹೇಳಲಿಲ್ಲ. ಅವನೋ, ಮನೆಯಲ್ಲಿ ತಾನು ಮಾಡಿದ್ದೆಲ್ಲ ಸರಿಯಾಗಿಯೇ ಇದೆಯೆಂದು ನಂಬಿಕೊಂಡು ಹಾಯಾಗಿದ್ದ.

ಮಗಳು ಬೆಳೆದು ಕನ್ನಡಕದಂಗಡಿಯಲ್ಲಿ ಗಾಜು ತೇಯುವ ಕೆಲಸಕ್ಕೆ ಸೇರಿದಳು. ತಿರುಗುವ ಚಕ್ರದ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಗಾಜಿನ ಅಂಚನ್ನು ಚೌಕಟ್ಟಿಗೆ ಸರಿಯಾಗಿ ಕೂರುವಂತೆ ತೇಯುವುದು. ಕೈ ಅಪ್ಪನದೇ. ಅವಳು ಕೂರಿಸಿದ ಗಾಜು ಅಲುಗಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮೇಸ್ತ್ರಿ ಇದನ್ನು ಬಾಯಿಬಿಟ್ಟು ಹೊಗಳಲಿಲ್ಲವಾದರೂ, ದಾರಿಯಲ್ಲಿ ಯಾರಾದರೂ ಹೊಸ ಕನ್ನಡಕ ಹಾಕಿದ್ದು ಕಂಡರೆ ನಿಲ್ಲಿಸಿ, "ಎಲ್ಲಿ ಮಾಡಿಸಿದ್ದು?" ಎಂದು ಕೇಳುತ್ತಿದ್ದ.

ಇಪ್ಪತ್ತಾರನೇ ವಯಸ್ಸಿನಲ್ಲಿ, ಕೆಲಸದಿಂದ ಮನೆಗೆ ಬರುವಾಗ, ಹಿಂದಕ್ಕೆ ಬರುತ್ತಿದ್ದ ಒಂದು ಲಾರಿ ಅವಳನ್ನು ಗೋಡೆಗೆ ಒತ್ತಿಬಿಟ್ಟಿತು. ಜೀವ ಉಳಿಯಿತು. ಬೆನ್ನುಮೂಳೆ ಉಳಿಯಲಿಲ್ಲ. ಸೊಂಟದಿಂದ ಕೆಳಗೆ ಅವಳ ಮೈ ಅವಳದಾಗಿರಲಿಲ್ಲ.

ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳ ಬೆನ್ನಿನ ಬುಡದಲ್ಲಿ, ಬಾಲಮೂಳೆಯ ಮೇಲೆ, ಒಂದು ಹುಣ್ಣಿತ್ತು. ಮಲಗಿದ್ದಲ್ಲೇ ಮಲಗಿ ಮೂಳೆ ಒತ್ತಿ ಆದದ್ದು. ವಾರಕ್ಕೆ ಎರಡು ಸಲ ಮನೆಗೆ ಬಂದು ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ಗಟ್ಟಿಗಿತ್ತಿ, ಸುತ್ತಿ ಬಳಸಿ ಮಾತಾಡುವವಳಲ್ಲ.

"ನೋಡಿ ಮೇಸ್ತ್ರಿ, ಕಾಲು ಹೋಯ್ತು, ಅದು ಬರಲ್ಲ. ಆದ್ರೆ ಕೈ ಇದೆ, ತಲೆ ಇದೆ. ಗಾಲಿಕುರ್ಚಿಲಿ ಕೂತ್ರೆ ಮತ್ತೆ ಕೆಲಸಕ್ಕೆ ಹೋಗಬಹುದು. ಆದ್ರೆ ಈ ಹುಣ್ಣು ಮುಚ್ಚೋ ತನಕ ಕೂರೋ ಹಾಗಿಲ್ಲ. ಇದು ಮುಚ್ಚಿದ್ರೆ ಹುಡುಗಿ ಎದ್ದಳು ಅಂತ. ಮುಚ್ಚದೆ ಒಳಗಿಳಿದ್ರೆ..." ಎಂದು ನಿಲ್ಲಿಸಿ, "ಇಳೀಬಾರ್ದು," ಎಂದಳು.

ಮನೆಯಲ್ಲಿದ್ದ ಹಾಸಿಗೆ ಹತ್ತಿಯದು, ಗಂಟುಗಂಟು. ಆಸ್ಪತ್ರೆಯವರು ಕೊಟ್ಟ ಗಾಳಿ ತುಂಬುವ ಹಾಸಿಗೆಯ ಮೋಟಾರು ಎರಡೇ ವಾರದಲ್ಲಿ ಕೈಕೊಟ್ಟಿತ್ತು. ನರ್ಸಮ್ಮ ಒಳ್ಳೆಯ ಲೇಟೆಕ್ಸ್ ಹಾಸಿಗೆ ತರಲು ಹೇಳಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಅದರ ಜೊತೆಗೆ ಇದೂ ಇದ್ದರೆ ಮೂಳೆಯ ಮೇಲಿನ ಒತ್ತಡ ಇಳಿಯುತ್ತದೆ ಎಂದಳು. ಕನ್ನಡಕದಂಗಡಿಯ ಮಾಲೀಕನೂ ಬಂದು ನೋಡಿಕೊಂಡು ಹೋದ. "ನಿನ್ನ ಏಪ್ರನ್ ಗೂಟದಲ್ಲೇ ಇದೆ ಕಣಮ್ಮ, ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ," ಎಂದ. ಅವಳು ಆ ಏಪ್ರನ್ನಿನ ಮಾತನ್ನು ವಾರವಿಡೀ ಆಡಿದಳು.

ಹಾಸಿಗೆಯಂಗಡಿಗೆ ಮೇಸ್ತ್ರಿ ಒಬ್ಬನೇ ಹೋದ. ಅಂಗಡಿಯವನು ಉದ್ದ ಕತ್ತಿನ, ಸಮಾಧಾನದ ಮನುಷ್ಯ. "ಯಾರಿಗೆ ಸಾರ್? ಮಲಗೋರನ್ನೇ ಕರ್ಕೊಂಡು ಬನ್ನಿ, ಕಾಲು ಗಂಟೆ ಮಲಗಿ ನೋಡ್ಲಿ. ಅವರಿಗೆ ಹಿತ ಅನ್ಸಿದ್ದೇ ಸರಿ," ಎಂದ.

"ಅವಳು ಬರೋ ಹಾಗಿಲ್ಲ. ಬಂದ್ರೂ ಸೊಂಟದ ಕೆಳಗೆ ಅವಳಿಗೆ ಹಿತಾನೂ ಗೊತ್ತಾಗಲ್ಲ, ಅಹಿತಾನೂ ಗೊತ್ತಾಗಲ್ಲ," ಎಂದ ಮೇಸ್ತ್ರಿ.

ಅಂಗಡಿಯವನು ವ್ಯಾಪಾರದ ನಗೆ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ತೋರಿಸತೊಡಗಿದ. ರಬ್ಬರ್ ಮರದ ಹಾಲನ್ನು ನೊರೆ ಬರಿಸಿ ಅಚ್ಚಿಗೆ ಸುರಿದು ಬೇಯಿಸಿದ್ದು ಒಂದು ಬಗೆ; ಅದರ ತಳ ಗಟ್ಟಿ, ತೂಕವೂ ಹೆಚ್ಚು. ಅಚ್ಚಿನೊಳಗಿನ ಗಾಳಿಯನ್ನು ಎಳೆದು, ತಣ್ಣಗೆ ಹೆಪ್ಪುಗಟ್ಟಿಸಿ ಆಮೇಲೆ ಬೇಯಿಸಿದ್ದು ಇನ್ನೊಂದು. ಅದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಮೆತ್ತಗೆ. ಮೂರನೆಯದು ಹೆಸರಿಗೆ ಲೇಟೆಕ್ಸ್, ಒಳಗೆ ಅರ್ಧಕ್ಕರ್ಧ ಬೇರೇನೋ ಬೆರೆಸಿದ್ದು. ಮೇಸ್ತ್ರಿ ಮೂಸಿ ನೋಡಿ, "ಇದರಲ್ಲಿ ಎಣ್ಣೆ ವಾಸನೆ," ಎಂದು ಮೂರನೆಯದನ್ನು ಬದಿಗಿಟ್ಟ. ಅಂಗಡಿಯವನು ಅಲ್ಲವೆನ್ನಲಿಲ್ಲ.

ಉಳಿದ ಎರಡು ಬಗೆಯಲ್ಲೂ ಗಟ್ಟಿ, ಮಧ್ಯಮ, ಮೆತ್ತನೆ ಎಂದು ಹಲವಿದ್ದವು. ಯಾವುದು? ಅಲ್ಲೇ ಮೇಸ್ತ್ರಿಯ ತಲೆ ಓಡಿದ್ದು. ಅವನ ಜೇಬಿನಲ್ಲಿ ಸದಾ ತೆಳು ಕಾಗದದ ಪಟ್ಟಿಗಳಿರುತ್ತಿದ್ದವು, ಹಲಗೆಯ ಕೂಡಿನಲ್ಲಿ ತೂರಿಸಿ ನೋಡಲು. ಒಂದನ್ನು ತೆಗೆದು ಅಂಗಡಿಯವನ ಕೈಗಿತ್ತು, ತಾನು ಹಾಸಿಗೆಯ ಮೇಲೆ ಅಂಗಾತ ಮಲಗಿ, "ನನ್ನ ಬಾಲಮೂಳೆ ಕೆಳಗೆ ಇದನ್ನ ತೂರಿಸಿ ಎಳೀರಿ," ಎಂದ. ಗಟ್ಟಿ ಹಾಸಿಗೆಯಲ್ಲಿ ಕಾಗದ ಹರಿಯಿತು. ತೀರಾ ಮೆತ್ತನೆಯದರಲ್ಲಿ ಸೊಂಟವೇ ತಳಕ್ಕೆ ಇಳಿದು ಕಾಗದ ಕಚ್ಚಿಕೊಂಡಿತು. ಮಧ್ಯದ್ದರಲ್ಲಿ ಸಣ್ಣ ಎಳೆತಕ್ಕೆ ಜಾರಿ ಬಂತು. ಅಷ್ಟಕ್ಕೂ ಅವನಿಗೆ ಸಮಾಧಾನವಿಲ್ಲ. "ನನ್ನ ತೂಕ ಬೇರೆ, ಅವಳದ್ದು ಬೇರೆ," ಎನ್ನುತ್ತಾ, ಅಂಗಡಿ ಗುಡಿಸುತ್ತಿದ್ದ ಸಣಕಲು ಹೆಂಗಸನ್ನು ಕರೆದು, "ತಾಯಿ, ಸ್ವಲ್ಪ ಮಲಗ್ತೀರಾ?" ಎಂದು ಕೇಳಿದ. ಒಂಬತ್ತು ವರ್ಷದಿಂದ ಆ ಹಾಸಿಗೆಗಳ ಧೂಳು ಹೊಡೆಯುತ್ತಿದ್ದವಳಿಗೆ ಅವುಗಳ ಮೇಲೆ ಮಲಗು ಎಂದವರು ಯಾರೂ ಇರಲಿಲ್ಲ. ಮೊದಲು ನಾಚಿದಳು, ಮಲಗಿದ ಮೇಲೆ ಏಳಲು ಮನಸ್ಸಾಗದೆ ಕಣ್ಣು ಮುಚ್ಚಿದಳು. ಕಾಗದ ಬೆಣ್ಣೆಯಲ್ಲಿ ಎಳೆದಂತೆ ಬಂತು.

"ಇಪ್ಪತ್ತು ವರ್ಷದಿಂದ ಹಾಸಿಗೆ ಮಾರ್ತಿದೀನಿ ಸಾರ್, ಹೀಗೆ ಆರಿಸಿದವರನ್ನ ನೋಡಿಲ್ಲ," ಎಂದ ಅಂಗಡಿಯವನು. ಅದು ಮುಖಸ್ತುತಿಯಾಗಿರಲಿಲ್ಲ. ಅವತ್ತು ಮೇಸ್ತ್ರಿ ಆರಿಸಿದ ಹಾಸಿಗೆಯಲ್ಲಿ ಒಂದು ಕುಂದೂ ಇರಲಿಲ್ಲ. ಇದನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಯಾರಿಗೂ ಅದು ನೆನಪಿಗೆ ಬರಲಿಲ್ಲ.

ಹೊರಡುವಾಗ ಅಂಗಡಿಯವನು ಕೇಳಿದ, "ಮಂಚ ಎಂಥದ್ದಿದೆ ಸಾರ್ ಮನೇಲಿ?"

"ಇದಕ್ಕೇ ಅಂತ ಮಾಡ್ತೀನಿ. ನಾನು ಬಡಗಿ."

"ಹಾಗಾದ್ರೆ ಒಂದು ಮಾತು. ತಳಕ್ಕೆ ಇಡೀ ಹಲಗೆ ಹಾಕಬೇಡಿ. ಅಡ್ಡಪಟ್ಟಿ ಹಾಕಿ, ಪಟ್ಟಿಗೂ ಪಟ್ಟಿಗೂ ಮೂರು ಬೆರಳು ಸಂದು ಬಿಡಿ. ಅದಕ್ಕಿಂತ ಅಗಲ ಬಿಟ್ರೆ ಹಾಸಿಗೆ ಕುಸಿಯುತ್ತೆ, ಬಿಡದೆ ಹೋದ್ರೆ ಉಸಿರು ಕಟ್ಟುತ್ತೆ. ಇಲ್ಲಿ ನೋಡಿ, ಮೇಲಿಂದ ಕೆಳಗಿನ ತನಕ ತೂತುಗಳಿವೆ. ಮೈ ಬೆವರೆಲ್ಲ ಇದರಲ್ಲಿ ಇಳಿದು ಕೆಳಗಡೆ ಗಾಳಿಗೆ ಆರಬೇಕು." ಹೀಗೆಂದು ಅಂಗಡಿಯ ಮೂಲೆಯಲ್ಲಿದ್ದ ತಮ್ಮದೇ ಒಂದು ಪಟ್ಟಿ ಮಂಚವನ್ನು ತೋರಿಸಿದ.

ಅದನ್ನು ತೋರಿಸಬಾರದಿತ್ತು. ಹಗುರ ಮರದ ಪಟ್ಟಿಗಳು, ಮೊಳೆಯೂ ಅಲ್ಲದ ತಂತಿ ಪಿನ್ನುಗಳು, ಕೈಯಿಟ್ಟರೆ ಕಿರುಗುಟ್ಟುವ ಕಾಲುಗಳು. ಮೇಸ್ತ್ರಿಗೆ ಅದು ಹಣ್ಣು ತುಂಬುವ ಪೆಟ್ಟಿಗೆಯಂತೆ ಕಂಡಿತು. ಈತ ಹಾಸಿಗೆಯ ಜೊತೆ ಈ ಹರಕು ಮಂಚವನ್ನೂ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದುಕೊಂಡ. "ಹಾಸಿಗೆ ಉಸಿರಾಡುತ್ತಂತೆ," ಎಂದು ದಾರಿಯುದ್ದಕ್ಕೂ ತನ್ನೊಳಗೇ ನಕ್ಕ. ತನ್ನ ಮಗಳನ್ನು, ಈ ಸ್ಥಿತಿಯಲ್ಲಿ, ಸಂದು ಬಿಟ್ಟ ಪಟ್ಟಿಗಳ ಮೇಲೆ ಮಲಗಿಸುವುದೇ? ಸಂದು ಬಿಡುವುದು ಕೆಲಸ ಬಾರದವರ ಲಕ್ಷಣ. ಮಾವ ಬದುಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ಅಂಗಡಿಯವನ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲವೆಂದಲ್ಲ. ಚೆನ್ನಾಗಿ ಕೇಳಿಸಿಕೊಂಡ, ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೆರಡು ದಿನ ಮಂಚದ ಕೆಲಸ ನಡೆಯಿತು. ಮಗಳು ಕಿಟಕಿಯ ಪಕ್ಕ ಮಲಗಿ ಅಂಗಳದಲ್ಲಿ ಅಪ್ಪ ಹಲಗೆ ಉಜ್ಜುವುದನ್ನು ನೋಡುತ್ತಿದ್ದಳು. ಎಂದೋ ಒಳ್ಳೆಯ ಕೆಲಸಕ್ಕೆಂದು ತೆಗೆದಿಟ್ಟಿದ್ದ ಹಳೆಯ ಗಟ್ಟಿ ಮರ. ಐದು ಹಲಗೆ, ನಾಲ್ಕು ಕೂಡು. ಎಲ್ಲ ಮುಗಿದ ಮೇಲೆ, ಅವಳಿಗೆ ಕಾಣುವಂತೆ ಮಂಚವನ್ನು ಕಿಟಕಿಯ ಎದುರಿಗೆ ಎಳೆದು, ಒಂದಲ್ಲ ನಾಲ್ಕು ಲೋಟ ನೀರು ಸುರಿದ. ಗಡಿಯಾರ ಹಿಡಿದು ಕೂತ. ಹತ್ತು ನಿಮಿಷ, ಇಪ್ಪತ್ತು, ಮುಕ್ಕಾಲು ಗಂಟೆ. ಕೆಳಗೆ ಹಾಸಿದ್ದ ಕಾಗದ ಒಣಗಿದ್ದದ್ದು ಒಣಗಿದಂತೆಯೇ ಇತ್ತು.

"ನಿಮ್ಮಪ್ಪ ಮಂಚ ಮಾಡಿಲ್ಲ ಕಣೇ, ದೋಣಿ ಮಾಡಿದಾರೆ. ಹೊಳೆಗೆ ಬಿಟ್ರೂ ತೇಲುತ್ತೆ," ಎಂದಳು ಹೆಂಡತಿ. ಮೂವರೂ ನಕ್ಕರು. ಲಾರಿಯ ದಿನದಿಂದ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಮಗಳು ಕೈ ಎತ್ತಿ, ಅಪ್ಪನ ಆ ಸೋದರಮಾವನ ದನಿಯಲ್ಲಿ, "ಹ್ಞೂಂ, ಕೆಲಸ," ಎಂದಳು. ಮೇಸ್ತ್ರಿ ಕಣ್ಣು ಒರೆಸಿಕೊಳ್ಳಲು ಗಿಡದ ಕಡೆ ತಿರುಗಿದ.

ಹಾಸಿಗೆ ಬಂತು. ಅದನ್ನು ಹೊತ್ತು ತರಲು ನಾಲ್ಕು ಜನ ಬೇಕಾಯಿತು. ಲೇಟೆಕ್ಸ್ ಹಾಸಿಗೆಗೆ ತೂಕ ಬೇರೆ, ಬೆನ್ನೆಲುಬಿಲ್ಲದ ಮೈ ಬೇರೆ. ಒಂದು ಮೂಲೆ ಎತ್ತಿದರೆ ಮೂರು ಮೂಲೆ ಜೋತುಬೀಳುತ್ತದೆ. ಅಂತೂ ಹಾಸಿದರು, ಮಗಳನ್ನು ಮಲಗಿಸಿದರು. ಆ ದಿನದಿಂದ ಮೂರು ವಾರ ಎಲ್ಲವೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ನರ್ಸಮ್ಮ ಬಂದಾಗಲೆಲ್ಲ ಕಾಗದದ ಅಳತೆಪಟ್ಟಿ ಇಟ್ಟು ಹುಣ್ಣನ್ನು ಅಳೆಯುವಳು. ನಿಂಬೆಹಣ್ಣಿನಷ್ಟಿದ್ದದ್ದು ಗೋಲಿಯಷ್ಟಾಯಿತು. "ಹೀಗೇ ಹೋದ್ರೆ ಇನ್ನೊಂದು ತಿಂಗಳಿಗೆ ಕೂರಿಸಬಹುದು," ಎಂದಳು. ಮೇಸ್ತ್ರಿ ಗಾಲಿಕುರ್ಚಿಯ ಎರಡು ತೋಳಿಗೂ ಅಡ್ಡ ಕೂರುವಂತೆ, ಗಾಜು ತೇಯುವ ಚಕ್ರದ ಎತ್ತರಕ್ಕೆ ಸರಿಯಾಗಿ ಒಂದು ಹಲಗೆ ಮಾಡಲು ಶುರುಮಾಡಿದ. ಅಳತೆ ತರಲು ಕನ್ನಡಕದಂಗಡಿಗೆ ಹೋದಾಗ ಗೂಟದಲ್ಲಿದ್ದ ಏಪ್ರನ್ನನ್ನೂ ಕಣ್ಣಾರೆ ನೋಡಿಕೊಂಡು ಬಂದ.

ಸೆಖೆ ಶುರುವಾಯಿತು. ಮಲಗಿದವಳ ಬೆನ್ನು ಬೆವರುತ್ತಿತ್ತು. ದಿನಕ್ಕೆರಡು ಸಲ ತಾಯಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಳು. ಪ್ಲಾಸ್ಟಿಕ್ ಹಾಳೆ ಹಾಸಿದರೆ ಬೆವರು ಇನ್ನೂ ಹೆಚ್ಚುತ್ತದೆಂದು ನರ್ಸಮ್ಮ ಅದನ್ನು ತೆಗೆಸಿದ್ದಳು. ಆ ತೇವವೆಲ್ಲ ಹಾಸಿಗೆಯ ತೂತುಗಳಲ್ಲಿ ಇಳಿಯಿತು. ಇಳಿದು ಎಲ್ಲಿಗೆ ಹೋಗಬೇಕು? ಕೆಳಗೆ ಬಿಗಿ ಮೇಸ್ತ್ರಿಯ ಹಲಗೆ.

ಮೊದಲು ಗೊತ್ತಾದದ್ದು ಮಗಳಿಗೆ. ಸೊಂಟದ ಕೆಳಗೆ ಏನೂ ತಿಳಿಯದಿದ್ದರೂ ಕೈಗೆ ತಿಳಿಯುತ್ತಿತ್ತಲ್ಲ. ಹಾಸಿಗೆಯ ಅಂಚಿನಿಂದ ಬೆರಳು ಇಳಿಸಿ ಅಡಿಗೆ ತೂರಿಸಿದರೆ ತಣ್ಣಗೆ, ಜಿಗುಟಾಗಿ ಹತ್ತುತ್ತಿತ್ತು. ತಾಯಿಗೆ ಹೇಳಿದಳು. ತಾಯಿ ಮುಟ್ಟಿ ನೋಡಿ, ಮೂಸಿ ನೋಡಿ, ಮಗಳ ಮುಖ ನೋಡಿದಳು. ಆ ಹಾಸಿಗೆಯನ್ನು ಅವಳೊಬ್ಬಳು ಎತ್ತಿ ನೋಡುವುದು ಆಗದ ಮಾತು. ಗಂಡನನ್ನು ಕರೆದರೆ ಯಾಕೆ ಎಂದು ಹೇಳಬೇಕು. ಮಂಚದಿಂದಲೇ ಹೀಗೆ ಎಂದು ಅವರಿಗೂ ಖಚಿತವಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಮೆಲ್ಲಗೆ ಮಾತು ತೆಗೆದಳು. "ಅಪ್ಪ, ಈ ಮಂಚದೊಳಗೆ ಗಾಳಿ ಆಡುತ್ತಾ?"

ಮೇಸ್ತ್ರಿ ಎದೆಯುಬ್ಬಿಸಿ ನಕ್ಕ. "ಗಾಳಿನಾ? ಇರುವೆ ಕೂಡ ನುಗ್ಗಲ್ಲ ಕಂದ. ನೀನೇ ನೋಡಿದ್ಯಲ್ಲ, ಮುಕ್ಕಾಲು ಗಂಟೆ!"

"ಹೌದಪ್ಪ, ನೋಡಿದೀನಿ," ಎಂದಳು ಮಗಳು. ಮಾತು ಅಲ್ಲಿಗೆ ಮುಗಿಯಿತು. ತಾಯಿ ಅಂಚಿಗೆ ಒಣಬಟ್ಟೆ ತುರುಕಿ, ಅದು ಒದ್ದೆಯಾದಾಗ ಬದಲಿಸತೊಡಗಿದಳು. ಕುಂಟುವ ಕುರ್ಚಿಗೆ ಕಾಗದ ಮಡಿಸಿಡುತ್ತಿದ್ದರಲ್ಲ, ಹಾಗೆ.

ಐದನೇ ವಾರಕ್ಕೆ ಹುಣ್ಣು ಕುಗ್ಗುವುದು ನಿಂತಿತು. ಆರನೇ ವಾರಕ್ಕೆ ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಸುಲಿಯತೊಡಗಿತು. ಆಮೇಲೆ ಜ್ವರ ಬಂತು. ನರ್ಸಮ್ಮ ಬಂದವಳು ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು.

"ಈ ವಾಸನೆ ಹುಣ್ಣಿಂದಲ್ಲ. ಹಾಸಿಗೆ ಎತ್ತಿ," ಎಂದಳು.

ಮಗಳನ್ನು ಹಳೆಯ ಹಾಸಿಗೆಗೆ ವರ್ಗಾಯಿಸಿ, ಮೇಸ್ತ್ರಿಯೂ ಹೆಂಡತಿಯೂ ನರ್ಸಮ್ಮನೂ ಸೇರಿ ಒಂದು ಬದಿ ಎತ್ತಿದರು. ಅಡಿಭಾಗ ಕಪ್ಪಗಿತ್ತು. ತಲೆಯಿಂದ ಕಾಲಿನವರೆಗೆ ಮನುಷ್ಯಾಕಾರದಲ್ಲಿ ಬೂಷ್ಟು ಹಿಡಿದಿತ್ತು, ಸೊಂಟದ ಕಡೆ ದಪ್ಪಗೆ, ಹಸಿರಾಗಿ. ಹಲಗೆಯ ನಡುವೆ, ಎರಡನೇ ಮೂರನೇ ಕೂಡಿನ ಮೇಲೆ, ಒಂದು ಲೋಟಕ್ಕೆ ತುಂಬುವಷ್ಟು ನೀರು ನಿಂತಿತ್ತು. ಮೇಸ್ತ್ರಿ ಬಗ್ಗಿ ಮಂಚದ ಕೆಳಗೆ ನೋಡಿದ. ನೆಲ ಒಣಗಿತ್ತು. ಒಂದು ಹನಿಯೂ ಬಿದ್ದಿರಲಿಲ್ಲ.

ಅವನು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಕೊನೆಗೆ ನರ್ಸಮ್ಮ ಅವನ ಭುಜ ಹಿಡಿದು ಅಲುಗಿಸಿ, "ಗಾಡಿ ಕರೀರಿ ಮೇಸ್ತ್ರಿ, ಆಸ್ಪತ್ರೆಗೆ ಹೋಗಬೇಕು," ಎನ್ನಬೇಕಾಯಿತು.

ಹುಣ್ಣು ಒಳಗಿಳಿದು ಮೂಳೆ ಮುಟ್ಟಿತ್ತು. ನಂಜು ರಕ್ತಕ್ಕೆ ಸೇರಿತ್ತು. ಡಾಕ್ಟರು ಒಳ್ಳೆಯವನು, ಮೇಸ್ತ್ರಿ ಮಂಚದ ಕಥೆಯನ್ನೆಲ್ಲ ಒಪ್ಪಿಸಿದಾಗ, "ಹಾಗೆ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಇಂಥ ಹುಣ್ಣು ಎಲ್ಲ ಸರಿ ಇದ್ರೂ ಕೈಕೊಡಬಹುದು," ಎಂದ. ಆ ಮಾತು ಸುಳ್ಳಿರಲಿಕ್ಕಿಲ್ಲ. ಆದರೆ ಕಪ್ಪು ಹಾಸಿಗೆಯನ್ನು ಎತ್ತಿ ನೋಡಿದವನು ಡಾಕ್ಟರಲ್ಲ.

ಆರನೇ ದಿನ ಬೆಳಗ್ಗೆ ಜ್ವರ ಸ್ವಲ್ಪ ಇಳಿದು ಮಗಳು ಮಾತಾಡುವಂತಾದಳು. ತಾಯಿ ಬಟ್ಟೆ ಒಗೆಯಲು ಮನೆಗೆ ಹೋಗಿದ್ದಳು. ಮೇಸ್ತ್ರಿ ಕಬ್ಬಿಣದ ಸ್ಟೂಲಿನ ಮೇಲೆ ಕೂತು, ಕೇಳಬಾರದೆಂದು ಆರು ದಿನದಿಂದ ತಡೆದುಕೊಂಡದ್ದನ್ನು ಕೇಳಿಬಿಟ್ಟ.

"ನಿಂಗೆ ಗೊತ್ತಿತ್ತಾ, ಒದ್ದೆ ಇದೆ ಅಂತ?"

ಅವಳು ಕಣ್ಣು ಮುಚ್ಚಿ ತೆರೆದಳು. "ಗೊತ್ತಿತ್ತು."

"ಹೇಳಬಾರ್ದಿತ್ತಾ ಕಂದ? ಒಂದು ಮಾತು... ಹೇಳಬಾರ್ದಿತ್ತಾ?"

"ಅಷ್ಟು ಚೆನ್ನಾಗಿ ಮಾಡಿದ್ಯಲ್ಲಪ್ಪ. ನಿನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ." ಮತ್ತೆ ಅಂದಳು, "ಬೀರು ನೆನಪಿದ್ಯಾ? ನೀನು ಕೊಡಲಿ ಹಾಕುವಾಗ ಒಂದು ಚೂರು ಹಾರಿ ನನ್ನ ಕಾಲಿಗೆ ಹೊಕ್ಕಿತ್ತು. ಅಮ್ಮ ಒಳಗೆ ಕರ್ಕೊಂಡು ಹೋಗಿ ತೆಗೆದ್ಲು. ಅಪ್ಪಂಗೆ ಹೇಳಬೇಡ ಅಂದ್ಲು. ನಾನು ಹೇಳ್ಲಿಲ್ಲ."

ಮೇಸ್ತ್ರಿಗೆ ಆ ಚೂರಿನ ಸಂಗತಿ ಹತ್ತೊಂಬತ್ತು ವರ್ಷದಲ್ಲಿ ಇವತ್ತೇ ತಿಳಿದದ್ದು. ಅವಳು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಚಿಕ್ಕಂದಿನ ತಮಾಷೆಯೊಂದನ್ನು ನೆನಪು ಮಾಡಿಕೊಡುವವಳಂತೆ ಹೇಳಿದಳು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಹೊದಿಕೆಯ ಮೇಲಿಂದ ಅವಳ ಕಾಲನ್ನು, ಯಾವ ಕಾಲೆಂದೂ ಕೇಳದೆ, ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದದ್ದು ಅವಳಿಗೆ ತಿಳಿಯುವಂತಿರಲಿಲ್ಲ.

ಹನ್ನೊಂದನೇ ದಿನ ಅವಳು ತೀರಿಕೊಂಡಳು.

ಹೆಂಡತಿ ಅವನನ್ನು ಒಂದೇ ಒಂದು ಸಲ ಬೈದಳು. ಎಲ್ಲ ಮುಗಿದು ನೆಂಟರಿಷ್ಟರೆಲ್ಲ ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಮಗೆ ಹೆದರಿ ಹೆದರಿ ನನ್ನ ಮಗೂನ ಕಳ್ಕೊಂಡೆ. ನಿಮ್ಮದೂ ತಪ್ಪು, ಬಾಯಿ ಮುಚ್ಕೊಂಡಿದ್ದ ನನ್ನದೂ ತಪ್ಪು," ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಇಬ್ಬರೂ ಅದೇ ಮನೆಯಲ್ಲಿ, ಅದೇ ತಟ್ಟೆಗಳಲ್ಲಿ ಉಂಡುಕೊಂಡು ಇದ್ದಾರೆ. ಕನ್ನಡಕದಂಗಡಿಯವನು ಏಪ್ರನ್ನನ್ನು ಒಗೆಸಿ ಮಡಿಸಿ ತಂದುಕೊಟ್ಟ. ಅದು ತಗಡಿನ ಬೀರುವಿನಲ್ಲಿದೆ.

ಮಂಚವನ್ನು ಅವನು ಕೊಡಲಿಯಿಂದ ಕಡಿಯಲಿಲ್ಲ. ಅಂಗಳಕ್ಕೆ ತಂದು, ಹಲಗೆಗಳನ್ನು ಬಿಚ್ಚಿ, ಉದ್ದಕ್ಕೆ ಸೀಳಿ ಪಟ್ಟಿ ಮಾಡಿದ. ಪಟ್ಟಿಗಳನ್ನು ಚೌಕಟ್ಟಿಗೆ ಅಡ್ಡ ಜೋಡಿಸುವಾಗ ಅಳತೆಪಟ್ಟಿ ಮುಟ್ಟಲಿಲ್ಲ. ತನ್ನ ಎಡಗೈಯ ಮೂರು ಬೆರಳು ಇಟ್ಟು ಸಂದು ಬಿಟ್ಟ. ನಾಲ್ಕು ದಿನ ಹಿಡಿಯಿತು. ಅದನ್ನು ಕೈಗಾಡಿಗೆ ಹೇರಿಕೊಂಡು ಹಾಸಿಗೆಯಂಗಡಿಗೆ ಹೋದ. ಉದ್ದ ಕತ್ತಿನವನು ಅವನನ್ನು ಗುರುತು ಹಿಡಿದು, "ಮಗಳು ಹೇಗಿದಾರೆ ಸಾರ್?" ಎಂದ. ಮೇಸ್ತ್ರಿ ಹೇಳಿದ. ಅಂಗಡಿಯವನು ಕುರ್ಚಿ ಎಳೆದು ಕೂರಿಸಿ, ತಾನು ನಿಂತೇ ಇದ್ದ. ಪೊರಕೆ ಹಿಡಿದಿದ್ದ ಹೆಂಗಸು, ಕಾಗದ ಎಳೆಸಿಕೊಂಡವಳು, ಗೋಡೆಗೆ ಒರಗಿ ಅತ್ತಳು.

"ನಿಮ್ಮ ಹಾಸಿಗೆಗೆ ಇನ್ಮೇಲೆ ನಾನು ಮಂಚ ಮಾಡಿಕೊಡ್ತೀನಿ," ಎಂದ ಮೇಸ್ತ್ರಿ.

ಅಂದಿನಿಂದ ಅವನು ಬೇರೆ ಯಾವ ಕೆಲಸವನ್ನೂ ಹಿಡಿದಿಲ್ಲ. ಬೀರು ಇಲ್ಲ, ಮೇಜಿಲ್ಲ, ಬಾಗಿಲಿಲ್ಲ. ಬರೀ ಪಟ್ಟಿ ಮಂಚ. ಪರೀಕ್ಷೆಯನ್ನು ಮಾತ್ರ ಬಿಟ್ಟಿಲ್ಲ. ಪ್ರತಿ ಮಂಚದ ಮೇಲೂ ಒಂದು ಲೋಟ ನೀರು ಸುರಿಯುತ್ತಾನೆ. ನೀರು ಧೊಪ್ಪನೆ ನೆಲಕ್ಕೆ ಬೀಳುತ್ತದೆ. ಪಟ್ಟಿಗಳಿಗೆ ಅಂಟಿದ ಹನಿಗಳೂ ಇಳಿದು, ಮರ ಒಣಗುವವರೆಗೆ ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಬೀದಿಯವರು ಮೇಸ್ತ್ರಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಹೆಂಡತಿ ನೆಲ ಒರೆಸುವ ಬಟ್ಟೆ ತಂದಿಟ್ಟು ಒಳಗೆ ಹೋಗುತ್ತಾಳೆ.

ಮಂಚ ತಲುಪಿಸಿದ ಮನೆಗೆ ತಿಂಗಳು ಬಿಟ್ಟು ಅವನು ಮತ್ತೆ ಹೋಗುತ್ತಾನೆ. ಯಾರೂ ಕರೆದಿರುವುದಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹಾಸಿಗೆಯ ಮೂಲೆ ಎತ್ತಿಸಿ, ಅಡಿಗೆ ಕೈ ಹಾಕಿ ನೋಡುತ್ತಾನೆ. ಆಮೇಲೆ ಮನೆಯವರ ಮುಂದೆ ಕೈಕಟ್ಟಿ ನಿಂತು, "ಏನಾದ್ರೂ ಕುಂದಿದ್ರೆ ಹೇಳಿ," ಎನ್ನುತ್ತಾನೆ.

"ಏನೂ ಇಲ್ಲ ಮೇಸ್ತ್ರಿ, ಬಹಳ ಚೆನ್ನಾಗಿದೆ," ಎನ್ನುತ್ತಾರೆ ಅವರು.

ಅವನು ಹೋಗುವುದಿಲ್ಲ. ಅವರ ಮುಖವನ್ನೇ ನೋಡುತ್ತಾ, ಮನೆಯಲ್ಲಿ ಮಕ್ಕಳಿದ್ದರೆ ಅವರ ಮುಖವನ್ನೂ ನೋಡುತ್ತಾ, ಇನ್ನೊಂದು ಸಲ ಕೇಳುತ್ತಾನೆ.

"ಇದ್ರೆ ಹೇಳಿ. ನಂಗೆ ಕೋಪ ಬರಲ್ಲ."